ಕಪ್ಪು ಅಂಟಿನ ಡಬ್ಬಿ

ನನ್ನ ಭಾಮೈದ ಕಳ್ಳ ಎಂದು ನಾನು ಊರಿಗೆಲ್ಲ ಸಾರಿಕೊಂಡು ತಿರುಗಿದೆ ಎನ್ನುತ್ತಾರೆ. ಸುಳ್ಳು. ಸಂಗೀತದ ಸಾಮಾನಿನ ಅಂಗಡಿಯಲ್ಲಿ ಹೇಳಿದೆ, ಅವನ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ ಹೇಳಿದೆ, ರಿಪೇರಿಗೆ ಬಂದವರಿಗೆ ಹೇಳಿದೆ. ಅಷ್ಟೇ. ಉಳಿದವರಿಗೆ ಅವರವರೇ ಹೇಳಿಕೊಂಡರು.

ನಾನು ಪೆಡಲ್ ಮಾಡುವವನು. ಗಿಟಾರಿಗೂ ಅದರ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವ ತಗಡಿನ ಡಬ್ಬಿ ಅದು. ಒತ್ತಿದರೆ ಸ್ವಚ್ಛವಾಗಿದ್ದ ಸ್ವರ ಹರಿದು, ಗೊಗ್ಗರಾಗಿ, ಬೈಗುಳದ ಹಾಗೆ ಹೊರಗೆ ಬರುತ್ತದೆ. ಕಾರ್ಖಾನೆಯವರು ಇದನ್ನೇ ರಾಶಿ ರಾಶಿ ಮಾಡಿ ಸುರಿಯುತ್ತಾರೆ. ನಾನು ಮನೆಯ ಹಿಂದಿನ ಕೋಣೆಯಲ್ಲಿ ಒಂದೊಂದಾಗಿ ಮಾಡುತ್ತೇನೆ. ಹಳೆಯ ಟ್ರಾನ್ಸಿಸ್ಟರುಗಳ ಗುಡ್ಡೆಯಿಂದ ಒಂದೊಂದನ್ನೇ ಅಳೆದು, ಹೆಚ್ಚಿನವನ್ನು ಬಿಸಾಡಿ, ಒಪ್ಪಿಗೆಯಾದ ಜೋಡಿಯನ್ನು ಮಾತ್ರ ಹಾಕುತ್ತೇನೆ. ನನ್ನ ಡಬ್ಬಿಗೆ ಬಣ್ಣವಿಲ್ಲ, ಚಿತ್ರವಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗಿರುವುದೆಲ್ಲ ಕಾಣುತ್ತದೆ. ಮುಚ್ಚಿಡುವಂಥದ್ದು ನಾನೇನೂ ಮಾಡಿಲ್ಲ.

ನನ್ನ ಬೆಂಚಿನ ಎಡತುದಿ ಮಗಳದ್ದು. ಅವಳು ಎಡಚಿ. ಬಲಗಡೆ ಕೂರಿಸಿದರೆ ನಮ್ಮಿಬ್ಬರ ಮೊಣಕೈ ಜಗಳಾಡುತ್ತವೆ. ಶಾಲೆ ಬಿಟ್ಟು ಬಂದು ಚೀಲ ಎಸೆದು ಅಲ್ಲಿ ಕೂರುತ್ತಿದ್ದವಳು, ಓದು ಮುಗಿಸಿದ ಮೇಲೂ ಅಲ್ಲೇ ಕೂತಳು. ಅವಳಿಗೆ ಕಲಿಸಿದ್ದು ಕೆಲವೇ ವಿಷಯ. ರೆಸಿಸ್ಟರುಗಳ ಮೇಲಿನ ಬಣ್ಣದ ಪಟ್ಟಿಗಳೆಲ್ಲ ಒಂದೇ ದಿಕ್ಕಿಗೆ ಓದುವಂತೆ ಇರಬೇಕು. ಬ್ಯಾಟರಿಯ ತಂತಿಗೆ ಬೆಸುಗೆ ಹಾಕುವ ಮೊದಲು ಒಂದು ಬಿದಿರು ಕಡ್ಡಿಗೆ ಸುತ್ತಿ ಸಣ್ಣ ಉಂಗುರ ಬಿಡಬೇಕು. ಮುಂದೆ ಯಾವನಾದರೂ ರಿಪೇರಿಗೆಂದು ತಂತಿ ಕತ್ತರಿಸಿದರೆ ಅವನಿಗೆ ಎಳೆದುಕೊಳ್ಳಲು ತುಸು ಉಳಿದಿರಬೇಕು. ಈ ಉಂಗುರವನ್ನು ಬೇರೆ ಯಾರೂ ಬಿಡುವುದಿಲ್ಲ. ಬೇರೆಯವನ ರಿಪೇರಿಯ ಚಿಂತೆ ಯಾರಿಗಿದೆ?

ಉಳಿದದ್ದನ್ನು ಕಲಿಸಲಿಲ್ಲ. "ಇಲ್ಲಿ ಎಷ್ಟರ ಕೆಪಾಸಿಟರ್ ಹಾಕಲಿ ಅಪ್ಪ?" ಎಂದು ಕೇಳಿದರೆ, "ಕಿವಿ ಇಲ್ವಾ? ಹುಡುಕು" ಎನ್ನುತ್ತಿದ್ದೆ. ಅವಳಿಗೆ ಬೆನ್ನು ಹಾಕಿ ಗಿಟಾರು ಹಿಡಿದು ಕೂರುತ್ತಿದ್ದೆ. ಅವಳು ಒಂದೊಂದೇ ಹಚ್ಚಿ ನೋಡುವಳು, ನಾನು ಬಾರಿಸಿ "ಅಲ್ಲ" ಎನ್ನುವೆ. ಮತ್ತೆ "ಅಲ್ಲ". ಸರಿಯಾದದ್ದು ಬಂದ ದಿನ ಏನೂ ಹೇಳದೆ ಬಾರಿಸುತ್ತಾ ಹೋಗುತ್ತಿದ್ದೆ. ಅದರಿಂದಲೇ ಅವಳು ತಿಳಿದುಕೊಳ್ಳಬೇಕಿತ್ತು.

ಎಲ್ಲ ಸರಿಯಿತ್ತು. ಆಮೇಲೆ ಅವಳು ಸಿಂಥ್ ತಂದಳು.

ತಂತಿಯಿಲ್ಲ, ತೊಗಲಿಲ್ಲ, ಊದುವುದಿಲ್ಲ. ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಕೀಲಿಮಣೆ. ಅದನ್ನು ತಂದು ನನ್ನ ಡಬ್ಬಿಗೆ ಸಿಕ್ಕಿಸಿದಳು. ಗಿಟಾರಿನಿಂದ ಬರುವುದು ಪಿಸುಮಾತು, ಸಿಂಥಿನಿಂದ ಬರುವುದು ಕಿರುಚಾಟ. ಪಿಸುಮಾತು ಕೇಳಲೆಂದು ಮಾಡಿದ ಕಿವಿಗೆ ಕಹಳೆ ಊದಿದ ಹಾಗಾಗಿ ಡಬ್ಬಿ ಉಸಿರುಗಟ್ಟಿ ಒಂದೇ ಸಮನೆ ಗೊರಗೊರ ಎಂದಿತು.

"ಹಿಂದೆ ಇನ್ನೊಂದು ದಾರಿ ಸೇರಿಸಿದ್ರೆ ಇದಕ್ಕೂ ಆಗುತ್ತೆ ಅಪ್ಪ" ಎಂದಳು. "ಅರ್ಧ ಮಾಡಿದ್ದೀನಿ, ನೋಡು."

ಅವಳ ಕೈಯಲ್ಲಿದ್ದ, ಬಿಡಿಭಾಗಗಳನ್ನು ಬೆಸೆದ ಸಣ್ಣ ಹಲಗೆಯಲ್ಲಿ ಮುಂದಿನ ಅರ್ಧ ನನ್ನದು. ಹಿಂದಿನ ಅರ್ಧ ಏನೆಂದು ನನಗೆ ತಿಳಿಯಲಿಲ್ಲ. ತಿಳಿಯದೇ ಇದ್ದದ್ದಕ್ಕೇ ಇರಬೇಕು, ಸಿಟ್ಟು ನೆತ್ತಿಗೇರಿತು. ಕಿತ್ತುಕೊಂಡು ಹಾಳುಮೂಳಿನ ಪೆಟ್ಟಿಗೆಗೆ ಎಸೆದೆ.

"ಕೀಲಿಮಣೆಯವರಿಗೆ ಗೊರಗೊರ ಬೇಕಾದ್ರೆ ಮಿಕ್ಸಿ ಕೊಂಡ್ಕೊಳ್ಳಲಿ. ಅದೂ ಹಾಗೇ ಅನ್ನುತ್ತೆ. ನಂದು ಗಿಟಾರಿಗೆ."

ಅವಳು ಡಬ್ಬಿಯಿಂದ ಸಿಂಥ್ ಬಿಡಿಸಿಕೊಂಡಳು. ಪೆಟ್ಟಿಗೆಯಿಂದ ಅದನ್ನು ಹೆಕ್ಕಿಕೊಂಡಳೋ ಇಲ್ಲವೋ ನಾನು ನೋಡಲಿಲ್ಲ.

ಈಗ ಭಾಮೈದನ ವಿಷಯ. ಅವನೂ ಒಂದು ಕಾಲಕ್ಕೆ ನನ್ನ ಬೆಂಚಿನಲ್ಲೇ ಬೆಸುಗೆ ಕಡ್ಡಿ ಹಿಡಿಯಲು ಕಲಿತವನು. ಕೈ ಕೆಲಸಕ್ಕೆ ಸಾಲದು, ಬಾಯಿ ಬೇಕಾದಷ್ಟು. ಬೇರೆ ಹೋಗಿ, ಟೈರಿನ ಅಂಗಡಿಯ ಮೇಲಿನ ಕೋಣೆ ಹಿಡಿದು ಅವನದೇ ಪೆಡಲ್ ಶುರು ಮಾಡಿದ. ಪ್ರತಿ ಡಬ್ಬಿಗೂ ಬಣ್ಣ: ಹೂವು, ಮೀನು, ಅಳುವ ಕಣ್ಣು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಆ ಹುಳುಕು ಕಾಣಬಾರದೆಂದು ಕೆಲವು ಡಬ್ಬಿಗಳ ಒಳಗೆ ಕಪ್ಪು ಅಂಟು ಸುರಿಯುತ್ತಾನೆ. ಅಂಟು ಗಟ್ಟಿಯಾದರೆ ಕಲ್ಲು. ಒಳಗೆ ಟ್ರಾನ್ಸಿಸ್ಟರಿದೆಯೋ ಸತ್ತ ಜಿರಳೆಯಿದೆಯೋ ಯಾರಿಗೂ ತಿಳಿಯುವುದಿಲ್ಲ.

ಅವನು ಹೊಸದಾಗಿ ಒಂದು ಮೀನಿನ ಡಬ್ಬಿ ತಂದ. ಗಿಟಾರಿಗೂ ಸೈ, ಸಿಂಥಿಗೂ ಸೈ. ಗಿರಾಕಿಗಳು ಹುಚ್ಚೆದ್ದರು. ಸಂಗೀತದ ಸಾಮಾನಿನ ಅಂಗಡಿಗೆ ಹೋಗಿ ನಾನೇ ಗಿಟಾರು ಸಿಕ್ಕಿಸಿ ಬಾರಿಸಿದೆ. ಮೊದಲ ಸ್ವರಕ್ಕೇ ಮೈ ಉರಿಯಿತು. ಸ್ವರ ಹರಿಯುವ ರೀತಿ ನನ್ನದೇ. ಹೆತ್ತವನಿಗೆ ಮಗುವಿನ ಕೆಮ್ಮು ಗೊತ್ತಾಗುವುದಿಲ್ಲವೇ? ಆಮೇಲೆ ಯಾರೋ ಸಿಂಥ್ ಸಿಕ್ಕಿಸಿದರು. ಒತ್ತಿ ಹಿಡಿದ ಸ್ವರ ಮೊದಲು ನಯವಾಗಿ ನಿಂತು, ನಿಧಾನಕ್ಕೆ ಅಂಚಿನಿಂದ ಬಿರಿಯುತ್ತಾ ಹೋಗಿ, ಕೊನೆಗೆ ಹಳೇ ಹಾಸಿಗೆಯ ಬಟ್ಟೆ ಹರಿದಂತೆ ಉದ್ದಕ್ಕೆ ಹರಿಯಿತು. ಅದು ಚೆನ್ನಾಗಿತ್ತು. ಚೆನ್ನಾಗಿದ್ದದ್ದು ಇನ್ನಷ್ಟು ಉರಿಸಿತು.

ಅವನು ಅಕ್ಕನನ್ನು ನೋಡುವ ನೆಪದಲ್ಲಿ ಮನೆಗೆ ಬಂದಾಗ ಹಿಡಿದುಕೊಂಡೆ. ಅವನು ಊಟಕ್ಕೆ ಕೂತಿದ್ದ. ಮಗಳು ಎದುರಿಗಿದ್ದಳು.

"ಯಾವಾಗಿಂದ ಕದಿಯೋಕೆ ಶುರು ಮಾಡ್ದೆ?" ಎಂದೆ.

"ನಿಮ್ಮಿಂದ ಕದಿಯೋಕೆ ಏನಿದೆ ಭಾವ? ಎರಡು ಟ್ರಾನ್ಸಿಸ್ಟರು, ಒಂದು ಮುಂಗೋಪ."

"ಮುಂದಿನ ಅರ್ಧ ನಂದು. ಕಿವಿ ಇದೆ ನಂಗೆ."

"ಮುಂದಿನ ಅರ್ಧ ಪ್ರಪಂಚದಲ್ಲಿ ಎಲ್ಲರದ್ದೂ ಒಂದೇ."

"ಹಾಗಾದ್ರೆ ಅಂಟು ಯಾಕೋ ಸುರಿದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ."

"ಈ ಡಬ್ಬಿಗೆ ಅಂಟು ಹಾಕಲೇಬೇಕು ಅಂದ್ರು. ಹಾಕ್ದೆ."

"ಯಾರು ಅಂದದ್ದು?"

ಅವನು ತಟ್ಟೆ ನೋಡಿದ. "ಗಿರಾಕಿ" ಎಂದ.

"ರಜಾದಿನ ಅಂಗಡಿಗೆ ಬಾ. ಎಲ್ಲರೆದುರು ಅಂಟು ತೆಗೀತೀನಿ. ಮನೇಲಿ ತೆಗೆದ್ರೆ ನಾನೇ ಒಳಗಿಂದ ಬದಲಾಯಿಸಿದೆ ಅಂತೀಯ. ಒಳಗಡೆ ನನ್ನ ಕೆಲಸ ಕಂಡ್ರೆ ಆ ಕೋಣೆಗೆ ನೀನೇ ಬೀಗ ಹಾಕ್ಬೇಕು."

ಭಾಮೈದ ಬಾಯಿ ತೆರೆಯುವ ಮೊದಲು ಮಗಳು ಎದ್ದಳು. ಕೈ ತೊಳೆಯಲು ಹೋಗುತ್ತಾಳೆ ಎಂದುಕೊಂಡೆ. ನನ್ನ ಕುರ್ಚಿಯ ಪಕ್ಕ ನಿಂತಳು.

"ಅದನ್ನ ತೆರೀಬೇಡ ಅಪ್ಪ."

"ಮಾವನ ಪರವಾ?"

"ಯಾರ ಪರಾನೂ ಅಲ್ಲ. ತೆರೀಬೇಡ ಅಂದೆ ಅಷ್ಟೆ. ತೆರೆದ್ರೆ ನಾನು ಮತ್ತೆ ಆ ಬೆಂಚಿಗೆ ಬರಲ್ಲ."

ಅವಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅದು ನಮ್ಮ ವಂಶದ್ದಲ್ಲ, ಅವಳ ತಾಯಿಯದು. ಹೆದರಿಸುತ್ತಿದ್ದಾಳೆ ಎಂದುಕೊಂಡೆ. ಹೆದರಿಸಿದರೆ ನಾನು ನಿಂತುಬಿಡುವವನೇ? ಆ ಡಬ್ಬಿಯನ್ನು ತೆರೆಯಲೇಬೇಕೆಂದು ಆಗಲೇ ತೀರ್ಮಾನವಾಯಿತು.

ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ ಮೀನಿನ ಡಬ್ಬಿ. ಅದನ್ನೂ ಯಾರೋ ಕಾದಿರಿಸಿದ್ದರು. ಅಂಗಡಿಯವ ಕೊಡಲು ಒಪ್ಪಲಿಲ್ಲ.

"ನಿಮ್ಮಿಬ್ಬರ ಜಗಳಕ್ಕೆ ನನ್ನ ಮಾಲು ಯಾಕೆ ಸಾಯ್ಬೇಕು? ತೆರೀತೀರಿ ಅಂದ್ರೆ ಮತ್ತೆ ಮೊದಲಿನ ಹಾಗೇ ಮಾಡಿಕೊಡ್ಬೇಕು. ಸ್ವರಾನೂ ಅದೇ ಬರ್ಬೇಕು."

"ಕೊಡ್ತೀನಿ ತಗೊಳಯ್ಯ."

"ನೀವೇ ಮಾಡಿಕೊಡ್ಬೇಕು, ನಿಮ್ಮ ಭಾಮೈದ ಅಲ್ಲ."

"ನಾನೇ. ನನ್ನದೇ ಡಬ್ಬಿ ನಂಗೆ ಮಾಡೋಕೆ ಬರಲ್ವಾ?"

ರಜಾದಿನಗಳಲ್ಲಿ ಅಂಗಡಿಯಲ್ಲಿ ಜಾತ್ರೆ. ಕೊಳ್ಳುವವರು ಕಡಿಮೆ, ಕಾಲಲ್ಲಿ ಒತ್ತಿ ನೋಡುವವರು ಹೆಚ್ಚು. ಮಗಳು ಎಂದಿನಂತೆ ಮೂಲೆಯಲ್ಲಿ ಸಿಂಥ್ ಇಟ್ಟುಕೊಂಡು ಬಂದವರಿಗೆ ಬಾರಿಸಿ ತೋರಿಸುತ್ತಿದ್ದಳು. ನನ್ನನ್ನು ಕಂಡು ಬಾರಿಸುವುದನ್ನು ನಿಲ್ಲಿಸಿದಳು. ಭಾಮೈದ ಅವಳ ಪಕ್ಕ ಕೈಕಟ್ಟಿ ನಿಂತಿದ್ದ. ಬೆರಳುಗಳಲ್ಲಿ ಕಿತ್ತಳೆ ಬಣ್ಣ.

ಗಲ್ಲಾದ ಪಕ್ಕದ ಮೇಜಿನ ಮೇಲೆ ಡಬ್ಬಿ ತೆರೆದೆ. ಒಳಗೆ ಕಲ್ಲಿದ್ದಲಿನಂಥ ಕಪ್ಪು ಗಡ್ಡೆ. ಬಿಸಿಗಾಳಿಯ ಯಂತ್ರ ಹಿಡಿದು ಮೆತ್ತಗಾಗಿಸಿ ಬಿದಿರು ಕಡ್ಡಿಯಿಂದ ಕೆದಕತೊಡಗಿದೆ. ಅದು ಅವಸರದ ಕೆಲಸವಲ್ಲ. ಹೆಚ್ಚು ಬಿಸಿಯಾದರೆ ಒಳಗಿನದೂ ಕರಗುತ್ತದೆ, ಕಡಿಮೆಯಾದರೆ ಕಡ್ಡಿಯೇ ಮುರಿಯುತ್ತದೆ. ಸುಟ್ಟ ರಬ್ಬರಿನ ನಾತ ಅಂಗಡಿಯೆಲ್ಲ ತುಂಬಿತು. ಗಿಟಾರು ಹೊತ್ತವರು ಸುತ್ತ ನೆರೆದರು.

"ಏನ್ ಮೇಷ್ಟ್ರೇ, ಹಲ್ಲು ಕೀಳ್ತಿದ್ದೀರಾ?" ಎಂದ ಒಬ್ಬ.

"ಕಳ್ಳನ ಹಲ್ಲು" ಎಂದೆ. ಜನ ನಕ್ಕರು. ಭಾಮೈದ ನಗಲಿಲ್ಲ. ಮಗಳ ಕಡೆ ನಾನು ನೋಡಲಿಲ್ಲ.

ಮೊದಲು ರೆಸಿಸ್ಟರುಗಳು ಕಂಡವು. ಎಲ್ಲ ಪಟ್ಟಿಗಳೂ ಒಂದೇ ದಿಕ್ಕಿಗೆ. ಬಿಸಿಗಾಳಿಯನ್ನು ಇನ್ನಷ್ಟು ಹತ್ತಿರ ಹಿಡಿದೆ. ಮೂಲೆಯ ಗಡ್ಡೆ ಒಮ್ಮೆಲೇ ಎದ್ದು ಬಂತು. ಅದರ ಜೊತೆ ಒಂದು ಕೆಪಾಸಿಟರ್ ಕರಗಿ, ಅಂಟಿಗೆ ಮೆತ್ತಿಕೊಂಡು, ಹರಿದು ಬಂತು. ನಾನು ಅದನ್ನು ಲೆಕ್ಕಿಸಲಿಲ್ಲ. ಏಕೆಂದರೆ ಅದರ ಕೆಳಗೆ ಬ್ಯಾಟರಿಯ ತಂತಿ ಕಾಣುತ್ತಿತ್ತು. ತಂತಿಯಲ್ಲಿ ಉಂಗುರ.

"ನೋಡ್ರಪ್ಪ!" ಎಂದು ಕೂಗಿದೆ. "ಎಲ್ಲರೂ ನೋಡಿ! ಈ ಉಂಗುರ ಬಿಡೋನು ಈ ಕೆಲಸದಲ್ಲಿ ನಾನೊಬ್ಬನೇ. ಕದ್ದದ್ದಷ್ಟೇ ಅಲ್ಲ, ನನ್ನ ಹಲಗೇನೇ ಎತ್ಕೊಂಡು ಹೋಗಿದ್ದಾನೆ. ಕಳ್ಳ! ಕಳ್ಳನ್ ತಂದು!"

ಎಲ್ಲರೂ ಭಾಮೈದನನ್ನು ನೋಡಿದರು. ನಾನು ಇನ್ನೊಮ್ಮೆ ತೋರಿಸಲೆಂದು ಹಲಗೆಯನ್ನು ಬೆಳಕಿಗೆ ಹಿಡಿದೆ. ಆಗ ಕಂಡಿತು.

ನಾನು ಬಲಗೈಯವ. ಕಡ್ಡಿಗೆ ನಾನು ತಂತಿ ಸುತ್ತಿದರೆ ಗಡಿಯಾರದ ಮುಳ್ಳು ಹೋಗುವ ಕಡೆಗೆ ಹೋಗುತ್ತದೆ. ಈ ಉಂಗುರ ಅದರ ಎದುರು ದಿಕ್ಕಿಗೆ ಸುತ್ತಿಕೊಂಡಿತ್ತು.

ಎಡಗೈ.

ಯಾರೂ ಎಂದೂ ತೆರೆಯಬಾರದೆಂದು ಕಪ್ಪು ಅಂಟು ಸುರಿಸಿದವಳು, ತೆರೆಯುವವನಿಗೆಂದು ತಂತಿ ಉಳಿಸಿದ್ದಳು.

ನನ್ನ ಬಾಯಿ ತೆರೆದೇ ಇತ್ತು. ಮುಚ್ಚಬೇಕಿತ್ತು. ಬಿಸಿಗಾಳಿಯ ಯಂತ್ರ ಮೇಜಿನ ಮೇಲೆ ಸುಮ್ಮನೆ ಊದುತ್ತಿತ್ತು. ಯಾರೋ ಅದರ ಸ್ವಿಚ್ ಆರಿಸಿದರು. ಮಗಳು ಮೇಜಿನ ಹತ್ತಿರ ಬಂದಳು.

"ಹೇಳು ಅಪ್ಪ. ಯಾರ ಉಂಗುರ ಅದು?"

ಅಷ್ಟು ಜನ. ಅಷ್ಟು ಜನರೆದುರು ನಾನು ಕೂಗಿಯಾಗಿತ್ತು.

"ನಂದು" ಎಂದೆ.

"ಸರಿಯಾಗಿ ನೋಡಿ ಹೇಳು."

"ನಂದೇ. ಕಲಿಸಿದೋನು ನಾನು. ನನ್ನ ಬೆಂಚಲ್ಲಿ ಕೂತು ಕಲಿತು ಇನ್ನೊಬ್ಬನ ಹೆಸರಲ್ಲಿ ಮಾರಿದ್ರೆ ಏನಂತಾರೆ ಅದಕ್ಕೆ? ಕಳ್ಳತನಾನೇ ಅಂತಾರೆ."

ಭಾಮೈದ "ಭಾವ, ಸಾಕು" ಎಂದ. ಅವಳು ಕೈ ಎತ್ತಿ ಅವನನ್ನು ತಡೆದಳು.

"ಹಾಗಾದ್ರೆ ಕಳ್ಳಿ ನಾನು. ಮಾವನ್ನ ಬಿಟ್ಬಿಡು. ನೀನು ಪೆಟ್ಟಿಗೆಗೆ ಎಸೆದದ್ದನ್ನ ನಾನು ಎತ್ಕೊಂಡೆ. ಅಂಟು ಹಾಕೋಕೆ ಹೇಳಿದ್ದೂ ನಾನೇ. ನೀನು ನೋಡಬಾರದು ಅಂತ. ಗೊತ್ತಿತ್ತು, ನೋಡಿದ್ರೆ ಹೀಗೇ ಅಂತೀಯ ಅಂತ."

ಅವಳು ಮೂಲೆಗೆ ಹೋಗಿ ಸಿಂಥಿನ ವೈರು ಕಿತ್ತಳು. ಅವಸರವಿಲ್ಲದೆ, ಒಂದೊಂದೇ ಸುತ್ತು ಸಮನಾಗಿ ಸುತ್ತಿ ಗಂಟು ಹಾಕಿದಳು. ವೈರನ್ನು ಹೇಗೆ ಸುತ್ತಬೇಕೆಂದು ಕಲಿಸಿದವನೂ ನಾನೇ. ಹೋಗುವಾಗ ನನ್ನ ಪಕ್ಕ ನಿಂತು, ನನಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು: "ಬೆಂಚಿನ ಎಡತುದೀಲಿ ಟ್ರಾನ್ಸಿಸ್ಟರು ಪೇರಿಸಿಕೋ. ನೀನು ಏನು ಅಂದ್ರೂ ಅವು ಎದುರು ಆಡಲ್ಲ."

ಅಂಗಡಿಯವ ಕೆಮ್ಮಿದ. "ಮೇಷ್ಟ್ರೇ, ಡಬ್ಬಿ. ಮೊದಲಿನ ಹಾಗೇ."

ಅವಳು ಮಾವನ ಮನೆಗೆ ಹೋದಳು. ನನ್ನ ಹೆಂಡತಿ ಬಟ್ಟೆಯ ಚೀಲ ಹೊತ್ತು ಹೋಗಿ ಕೊಟ್ಟು ಬಂದಳು. ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಹೇಳಿದಳು: "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಇಲ್ಲಿ ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಿ ಬಂದಿದ್ದಾರೆ."

ನಾನು ಹಿಂದಿನ ಕೋಣೆ ಸೇರಿ ಹಲಗೆ ಸ್ವಚ್ಛ ಮಾಡಿದೆ. ಬೆಸುಗೆಗಳು ಚೆನ್ನಾಗಿದ್ದವು. ನನ್ನವಕ್ಕಿಂತ ಚೆನ್ನಾಗಿದ್ದವು, ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಒಪ್ಪಿಕೊಂಡೆ. ಮುರಿದ ತಾಮ್ರದ ಗೆರೆ ಜೋಡಿಸಿದೆ. ಉಳಿದದ್ದು ಆ ಒಂದು ಕೆಪಾಸಿಟರ್. ಕರಗಿದ ತುಣುಕಿನ ಮೇಲಿನ ಅಂಕಿ ಅಂಟಿನ ಜೊತೆ ಹೋಗಿತ್ತು. ಅದಕ್ಕೇನಂತೆ? ಕಿವಿಯಿದೆ. ಗಿಟಾರು ಸಿಕ್ಕಿಸಿ ಒಂದು ಹಚ್ಚಿದೆ. ಬಾರಿಸಿದೆ. ಇನ್ನೊಂದು ಹಚ್ಚಿದೆ. ದೊಡ್ಡದು, ಚಿಕ್ಕದು, ತೀರಾ ಚಿಕ್ಕದು. ಸ್ವರ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಬೆಂಚಿನಲ್ಲಿದ್ದ ಎಲ್ಲವನ್ನೂ ಹಚ್ಚಿದ ಮೇಲೆ ಅರ್ಥವಾಯಿತು. ಆ ಜಾಗ ಗಿಟಾರಿಗೆ ಎಚ್ಚರವಾಗುವುದೇ ಇಲ್ಲ. ಪಿಸುಮಾತಿಗೆ ಅದು ನಿದ್ದೆ ಹೋಗಿರುತ್ತದೆ. ಸಿಂಥಿನ ಕಿರುಚಾಟ ಬಂದಾಗ ಮಾತ್ರ ಕಣ್ಣು ಬಿಟ್ಟು, ಆ ಸ್ವರ ಎಷ್ಟು ನಿಧಾನವಾಗಿ ಬಿರಿಯಬೇಕೆಂದು ಹೇಳುತ್ತದೆ. ನಾನು ಎಸೆದ ಅರ್ಧ ಅದು. ಸಿಂಥಿಲ್ಲದೆ ಅದನ್ನು ಹುಡುಕಲು ಸಾಧ್ಯವೇ ಇಲ್ಲ.

ಅಂಗಡಿಯವ ಫೋನ್ ಮಾಡಿ, ಕಾದಿರಿಸಿದವರು ಕೇಳುತ್ತಿದ್ದಾರೆ ಎಂದ. ಮತ್ತೆ ಮಾಡಿದ. ಬೇರೆ ಸಿಂಥ್ ಕೇಳಿ ತರಬಹುದಿತ್ತು. ಅಂಗಡಿಯಲ್ಲೇ ಸಾಲಾಗಿ ಇವೆ. ಆದರೆ ಸ್ವರ ಎಷ್ಟು ಹೊತ್ತಿಗೆ ಹರಿಯಬೇಕೆಂದು ಯಾವ ಸಿಂಥ್ ಹೇಳುತ್ತದೆ? ಅದು ಅವಳಿಗೊಬ್ಬಳಿಗೇ ಗೊತ್ತು.

"ಹೋಗಿ ಕೇಳಿ" ಎಂದಳು ಹೆಂಡತಿ.

"ಯಾರನ್ನ?"

"ಮಾಡಿದವಳನ್ನ. ಹೆಸರು ಹೇಳಿದ್ರೆ ಬಾಯಿ ಸುಡುತ್ತಾ?"

ಮಾರನೆಯ ದಿನ ಹಲಗೆ, ಬೆಸುಗೆ ಕಡ್ಡಿ, ಕೆಪಾಸಿಟರುಗಳ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಟೈರಿನ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವಾಗ, ಏನಾದರೂ ಅಂದರೆ ಅಲ್ಲಿಂದಲೇ ಇಳಿದುಬಿಡಬೇಕು ಎಂದುಕೊಂಡೆ. ಕೋಣೆಯ ಬಾಗಿಲು ತೆರೆದಿತ್ತು. ಭಾಮೈದ ಕಿಟಕಿಯ ಬಳಿ ಕೂತು ಮೀನಿಗೆ ಕಣ್ಣು ಬರೆಯುತ್ತಿದ್ದ.

"ಬನ್ನಿ ಭಾವ. ಪೊಲೀಸರು ಹಿಂದೆ ಬರ್ತಿದ್ದಾರಾ?"

"ನಿನ್ನ ಹತ್ರ ಕೆಲಸ ಇಲ್ಲ ನಂಗೆ. ಮೀನಿಗೆ ಬಣ್ಣ ಬಳಿ."

ಮಗಳು ಗೋಡೆಯ ಕಡೆಯ ಬೆಂಚಿನಲ್ಲಿದ್ದಳು. ತಲೆ ಎತ್ತಲಿಲ್ಲ. ಅವಳ ಮುಂದೆ ಹೊಸ ಹಲಗೆ. ಪಕ್ಕದಲ್ಲಿ ಸಿಂಥ್. ಅಂಟಿನ ಡಬ್ಬ ಎಲ್ಲೂ ಕಾಣಲಿಲ್ಲ.

"ಮೂಲೆಯ ಕೆಪಾಸಿಟರ್" ಎಂದೆ. "ಎಷ್ಟರದು?"

ಅವಳು ಮಾಡುತ್ತಿದ್ದ ಬೆಸುಗೆ ಮುಗಿಸಿದಳು. ಊದಿದಳು. ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟಳು.

"ಕಿವಿ ಇಲ್ವಾ?" ಎಂದಳು. "ಹುಡುಕು."

ಭಾಮೈದನ ಕುಂಚ ನಿಂತಿತು. ನಾನು ಇಳಿದುಬಿಡಬೇಕಿತ್ತು. ಕೈಯಲ್ಲಿದ್ದ ಪೆಟ್ಟಿಗೆಯನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆದರೆ ಕೆಪಾಸಿಟರುಗಳೆಲ್ಲ ಬೆರೆತುಹೋಗುತ್ತವೆ, ಆಮೇಲೆ ಆರಿಸುವವರು ಯಾರು?

"ಗಿಟಾರಲ್ಲಿ ಕೇಳಿಸಲ್ಲ ಅದು" ಎಂದೆ.

"ಗೊತ್ತು."

"ಹಾಗಾದ್ರೆ ಬಾರಿಸು."

"ಬಾರಿಸ್ತೀನಿ. ಬಾಯಿ ಮುಚ್ಕೊಂಡು ಕೂತ್ಕೊಳ್ಳೋದಾದ್ರೆ."

ಅವಳ ಬಲಗಡೆ ಒಂದು ಸ್ಟೂಲಿತ್ತು. ಕೂತೆ. ಹಲಗೆಯನ್ನು ಸಿಂಥಿಗೆ ಸಿಕ್ಕಿಸಿದಳು. ಸ್ಟೂಲಿಗೆ, ಅಂದರೆ ನನಗೆ, ಬೆನ್ನು ಹಾಕಿ ತಿರುಗಿದಳು.

ಮೊದಲನೆಯದನ್ನು ಹಚ್ಚಿದೆ. ಅವಳು ಒಂದು ಕೀಲಿ ಒತ್ತಿದಳು. ಸ್ವರ ಹುಟ್ಟುವಾಗಲೇ ಹರಿಯಿತು. ಬೆರಳು ತಕ್ಷಣ ಎದ್ದಿತು.

"ಅಲ್ಲ."

ಇನ್ನೊಂದು. ಈಗ ಹರಿಯಲೇ ಇಲ್ಲ, ಹಸು ಮೆಲುಕು ಹಾಕಿದಂತೆ ಸುಮ್ಮನೆ ನಿಂತಿತು.

"ಅಲ್ಲ."

ಭಾಮೈದ ಕಿಟಕಿಯ ಹೊರಗೆ ನೋಡುತ್ತಾ ನಗು ನುಂಗುತ್ತಿದ್ದ. ಅವನಿಗೆ ಆಮೇಲೆ ಇದೆ. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. "ಅಲ್ಲ" ಎಂದಳು. "ಅಲ್ಲ." ನನ್ನ ಅಂಗಿಯ ಬೆನ್ನು ಒದ್ದೆಯಾಯಿತು. ಬೆಸುಗೆ ಕಡ್ಡಿಗೆ ಹೆಬ್ಬೆರಳು ತಾಗಿ ಸುಟ್ಟಿತು. ಬೈಗುಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಹಸಿರು ಬಣ್ಣದ ಒಂದು ಚಪ್ಪಟೆಯದನ್ನು ಹಚ್ಚಿದೆ. ಅವಳು ಒತ್ತಿದಳು.

ಸ್ವರ ನಯವಾಗಿ ಬಂದು ನಿಂತಿತು. ನಿಂತಿತು. ಆಮೇಲೆ ಅಂಚಿನಲ್ಲೊಂದು ಎಳೆ ಬಿಟ್ಟಿತು. ಇನ್ನೊಂದು. ಉದ್ದಕ್ಕೂ, ಅವಸರವಿಲ್ಲದೆ, ಹಳೇ ಹಾಸಿಗೆಯ ಬಟ್ಟೆ ಹರಿದುಕೊಂಡು ಹೋಯಿತು. ಅಂಗಡಿಯಲ್ಲಿ ಕೇಳಿದ್ದು ಅದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳ ಬೆರಳು ಕೀಲಿಯಿಂದ ಏಳಲಿಲ್ಲ. ಸ್ವರ ಪೂರ್ತಿ ಹರಿದು ಮುಗಿಯುವವರೆಗೂ ಅಲ್ಲೇ ಇತ್ತು. ಭಾಮೈದ ಕುಂಚ ಕೆಳಗಿಟ್ಟ.

"ಅಲ್ಲ" ಎಂದಳು.

ಅವಳ ಕತ್ತಿನ ಹಿಂಭಾಗ ನೋಡಿದೆ. ಅದು ಅಲ್ಲಾಡಲಿಲ್ಲ.

"ಸುಳ್ಳು" ಎಂದೆ.

"ಅಲ್ಲ ಅಂದ್ರೆ ಅಲ್ಲ."

ನಾನು ಹಸಿರಿನದನ್ನು ಬಿಡಿಸಿ ಬೇರೆಯಾಗಿ ಇಟ್ಟೆ. ಪೆಟ್ಟಿಗೆಯಿಂದ ಮುಂದಿನದನ್ನು ತೆಗೆದುಕೊಂಡೆ.